ನನ್ನ ಗಮನಕ್ಕೆ ಬಂದ ಚೀಲಗಳು

ನಾನು ಸಹಿ ಹಾಕಬೇಕಿದ್ದುದು ಒಂದೇ ಒಂದು ವಾಕ್ಯಕ್ಕೆ. "ಈ ಲೆಕ್ಕಪತ್ರಗಳು ಸಂಸ್ಥೆಯ ಸ್ಥಿತಿಯನ್ನು ಸರಿಯಾಗಿ ತೋರಿಸುತ್ತಿಲ್ಲ ಎಂದು ನಂಬಲು ಕಾರಣವಾಗುವಂಥ ಯಾವುದೂ ನಮ್ಮ ಗಮನಕ್ಕೆ ಬಂದಿಲ್ಲ." ಇಂಥ ವಾಕ್ಯದ ಕೆಳಗೆ ಎಷ್ಟೋ ಸಲ ಸಹಿ ಹಾಕಿದ್ದೇನೆ. ಅದರ ಅರ್ಥ ಗೊತ್ತು ಎಂದೇ ತಿಳಿದಿದ್ದೆ. ಮುಂಡಗೋಡದ ಒಂದು ಗೋವಿನಜೋಳದ ಗೋದಾಮು ಆ ತಿಳಿವಳಿಕೆಯನ್ನು ಕಲಕಿಬಿಟ್ಟಿತು. ಇವತ್ತಿಗೂ ಅದು ಪೂರ್ತಿ ತಿಳಿಯಾಗಿಲ್ಲ.

ಜನವರಿಯ ಶುರು. ದಾಂಡೇಲಿಯ ನನ್ನ ಕಚೇರಿಯಲ್ಲಿ ಜೋಯಿಡಾದ ಹೋಂಸ್ಟೇ ಮಾಲೀಕರೊಬ್ಬರ ಜಿಎಸ್‌ಟಿ ಗೋಜಲು ಬಿಡಿಸುತ್ತ ಕೂತಿದ್ದೆ. ಹಳಿಯಾಳದ ಒಂದು ಸಹಕಾರಿ ಬ್ಯಾಂಕಿನ ಮ್ಯಾನೇಜರರು ಫೋನ್ ಮಾಡಿದರು.

"ಸಿಎ ಸಾಹೇಬ್ರ, ಒಂದು ಸಣ್ಣ ಕೆಲಸ ಐತ್ರಿ. ಮುಂಡಗೋಡದಾಗ ನಮ್ಮ ಪಾರ್ಟಿ ಒಬ್ಬರು ಅದಾರ, ಗೋವಿನಜೋಳದ ವ್ಯಾಪಾರ. ಸಾಲದ ಲಿಮಿಟ್ ಜಾಸ್ತಿ ಕೇಳ್ಯಾರ. ಡಿಸೆಂಬರ್ ತನಕದ ಲೆಕ್ಕಾ ನೀವು ಒಮ್ಮೆ ನೋಡಿ ಕೊಡ್ರಿ."

"ಆಡಿಟ್ ಏನ್ರಿ?"

"ಆಡಿಟ್ ಯಾಕ್ರಿ, ಅದು ಮಾರ್ಚ್ ಆದಮ್ಯಾಲೆ ಆಗೂದ ಐತಲ್ಲ. ಲಿಮಿಟೆಡ್ ರಿವ್ಯೂ ಸಾಕು. ಮ್ಯಾಲೆ ಮ್ಯಾಲೆ."

ಈ 'ಮ್ಯಾಲೆ ಮ್ಯಾಲೆ' ಎಂಬ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಸಿಟ್ಟು ಬರಲು ಕಾರಣ, ಅದು ಪೂರ್ತಿ ಸುಳ್ಳೂ ಅಲ್ಲ. ಆಡಿಟ್‌ನಲ್ಲಿ ನಾವು ಚೀಲ ಎಣಿಸುತ್ತೇವೆ, ಬಿಲ್ಲು ತಿರುವಿ ಹಾಕುತ್ತೇವೆ, ವ್ಯವಹಾರ ಮಾಡಿದವರಿಗೆ ಪತ್ರ ಬರೆದು ಹೌದೋ ಅಲ್ಲವೋ ಎಂದು ಕೇಳುತ್ತೇವೆ. ಸೀಮಿತ ಪರಿಶೀಲನೆಯಲ್ಲಿ ಅದ್ಯಾವುದೂ ಇಲ್ಲ. ಮಾಲೀಕರನ್ನು ಪ್ರಶ್ನೆ ಕೇಳುವುದು, ಅಂಕಿಗಳನ್ನು ಹೋದ ವರ್ಷದ ಅಂಕಿಗಳ ಪಕ್ಕಕ್ಕಿಟ್ಟು ನೋಡುವುದು, ಹೊಂದದ್ದು ಕಂಡರೆ ಯಾಕೆ ಎಂದು ಮತ್ತೆ ಕೇಳುವುದು. ಇಷ್ಟೇ. ಅದಕ್ಕೇ ವರದಿಯಲ್ಲಿ 'ಸರಿಯಾಗಿದೆ' ಎಂದು ಬರೆಯುವುದಿಲ್ಲ, 'ಸರಿಯಾಗಿಲ್ಲ ಎನ್ನುವಂಥದ್ದು ಕಾಣಲಿಲ್ಲ' ಎಂದು ಬರೆಯುತ್ತೇವೆ.

ಒಮ್ಮೆ ಬಂಗೂರನಗರದ ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ ಇದನ್ನು ಹೆಂಡತಿಗೆ ವಿವರಿಸಲು ಹೋಗಿದ್ದೆ. ಅಂದಿನಿಂದ ಅವಳು "ಸಾರಿನಾಗ ಉಪ್ಪು ಸರಿ ಐತೇನ್ರಿ?" ಎಂದು ಕೇಳಿದವಳೇ, ನಾನು ಬಾಯಿ ತೆರೆಯುವ ಮೊದಲು, "ಉಪ್ಪು ಕಡಿಮಿ ಆಗೇತಿ ಅಂತ ಗಮನಕ್ಕ ಬಂದಿಲ್ಲ ಅನಬ್ಯಾಡ್ರಿ ಮತ್ತ. ಉಂಡು ಹೇಳ್ರಿ" ಎನ್ನುತ್ತಾಳೆ. ನಮ್ಮ ವೃತ್ತಿಗೆ ಅವಳಷ್ಟು ಸರಿಯಾಗಿ ಚುಚ್ಚಿದವರು ಯಾರೂ ಇಲ್ಲ.

ಹಳಿಯಾಳ, ಕಲಘಟಗಿ ದಾಟಿ ಮುಂಡಗೋಡಕ್ಕೆ ಹೋದೆ. ಊರ ಹೊರಗೆ ರಸ್ತೆಗೆ ಮುಖ ಮಾಡಿದ ಉದ್ದನೆಯ ತಗಡಿನ ಗೋದಾಮು. ಮುಂದೆ ಒಂದು ಕೋಣೆಯ ಕಚೇರಿ, ಅಂಗಳದಲ್ಲಿ ತೂಕದ ಕಾಟಾ. ವ್ಯಾಪಾರ ನಡೆಸುವವರು ಐವತ್ತು ದಾಟಿದ ಒಬ್ಬ ಹೆಣ್ಣುಮಗಳು. ಅಣ್ಣನೊಂದಿಗೆ ಪಾಲುದಾರಿಕೆ ಇದೆ. ಆದರೆ ಅಣ್ಣ ಹೊಲ ಬಿಟ್ಟು ಇತ್ತ ಬರುವವನಲ್ಲ. ಊರವರಿಗೆಲ್ಲ ಇವರು ಅಕ್ಕಾರು, ನನಗೂ ಅಕ್ಕಾರೇ ಆದರು. ಕುಂದರ್ರಿ ಅನ್ನುವುದರೊಳಗೆ ಗಿರಮಿಟ್ಟು, ಚಹಾ ಬಂದವು.

ನನ್ನ ಪ್ರಶ್ನೆಗಳ ಪಟ್ಟಿ ಹೊರತೆಗೆದೆ. ಖರೀದಿ ಹೇಗೆ, ಮಾರಾಟ ಯಾರಿಗೆ, ದರ ಯಾವಾಗ ನಿಗದಿಯಾಗುತ್ತದೆ, ಹಸಿ ಮಾಲಿಗೆ ಎಷ್ಟು ಕಡಿತ. ಅಕ್ಕಾರು ಒಂದಕ್ಕೂ ತಡವರಿಸಲಿಲ್ಲ. ಲೆಕ್ಕ ಬರೆಯುವವರು ಹುಬ್ಬಳ್ಳಿಯಲ್ಲಿದ್ದರು. ಇವರು ಕಳಿಸಿದ ಬಿಲ್ಲುಗಳನ್ನು ಖರೀದಿಗೆ ಹಾಕುವುದು, ಬ್ಯಾಂಕಿಗೆ ಕೊಟ್ಟ ದಾಸ್ತಾನು ಪಟ್ಟಿಯ ಅಂಕಿಯನ್ನು ಉಳಿದ ಮಾಲಿಗೆ ಹಾಕುವುದು ಅವರ ಕೆಲಸ. ಎಲ್ಲ ಸರಿ ಇತ್ತು. ಆಮೇಲೆ ಅಂಕಿಗಳನ್ನು ಹೋದ ವರ್ಷದ ಪಕ್ಕ ಇಟ್ಟೆ.

ಗೋವಿನಜೋಳದಲ್ಲಿ ಲಾಭ ಎಂದರೆ ಕ್ವಿಂಟಲಿಗೆ ಕೆಲವೇ ರೂಪಾಯಿ. ಇಲ್ಲಿ ಒಟ್ಟು ಲಾಭದ ಪ್ರಮಾಣ ಹೋದ ವರ್ಷದ ನಾಲ್ಕು ಪಟ್ಟಾಗಿತ್ತು. ಈ ದಂಧೆಯಲ್ಲಿ ಇಷ್ಟು ಲಾಭ ಇದ್ದಿದ್ದರೆ ನಾನು ಸಿಎ ಪರೀಕ್ಷೆಗೆ ಅಷ್ಟು ಸಲ ಕೂರುತ್ತಿರಲಿಲ್ಲ, ತಕ್ಕಡಿ ಹಿಡಿಯುತ್ತಿದ್ದೆ.

"ಅಕ್ಕಾರ, ಈ ಸಲ ಲಾಭ ಭಾಳ ಕಾಣಾಕತ್ತೈತಿ. ಯಾಕ?"

"ಲಾಭ? ನನಗೇನ ಕಂಡಿಲ್ಲಪಾ. ಎಲ್ಲೈತಿ ತೋರಸ್ರಿ, ತಿಜೂರಿನಾಗ ಇಡ್ತೇನಿ" ಎಂದು ನಕ್ಕರು. ನಾನು ನಗದಿದ್ದುದನ್ನು ನೋಡಿ, "ಮಳಿ ಛಲೋ ಆಗಿತ್ತಲ್ರಿ, ಮಾಲು ಭಾಳ ಬಂತು. ಗೋದಾಮು ತುಂಬಿ ತುಳುಕಾಕತ್ತೈತಿ. ಅದಕ್ಕ ಹಂಗ ಕಾಣತೈತೇನೋ" ಎಂದರು.

ಗೋದಾಮು ತುಂಬಿದರೆ ದಾಸ್ತಾನು ಹೆಚ್ಚಾಗಬೇಕು, ಅದರ ಜೊತೆಗೆ ಖರೀದಿಯೂ ಹೆಚ್ಚಾಗಬೇಕು. ಲಾಭ ಯಾಕೆ ಹೆಚ್ಚಾಗಬೇಕು? ಉತ್ತರ ಬರೆದುಕೊಂಡೆ, ಅದರ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿದೆ. ಸುಳ್ಳು ಹೇಳುವವರ ಮುಖ ನಾನು ಬೇಕಾದಷ್ಟು ನೋಡಿದ್ದೇನೆ. ಅಕ್ಕಾರದು ಅಂಥ ಮುಖ ಅಲ್ಲ. ಅದೇ ನನ್ನನ್ನು ಇನ್ನಷ್ಟು ಗೊಂದಲಕ್ಕೆ ಹಾಕಿತು.

ಏಳುವ ಮುನ್ನ ಲಿಮಿಟ್ ಯಾಕೆ ಹೆಚ್ಚಿಗೆ ಬೇಕು ಎಂದು ಕೇಳಿದೆ. "ದರ ಏರಿದ ದಿನ ಎಲ್ಲಾ ರೈತರು ಒಮ್ಮೆಲೆ ಬಂದು ನಿಲ್ತಾರ್ರಿ. ಅವತ್ತ ಕೈಯಾಗ ರೊಕ್ಕಾ ಇರಲಿಲ್ಲ ಅಂದ್ರ ನಾನು ಇಷ್ಟು ವರ್ಷ ಗಳಿಸಿದ್ದು ಹೋತು" ಎಂದರು. ಗಳಿಸಿದ್ದು ಎಂದು ಅವರು ಹೇಳಿದ್ದು ರೊಕ್ಕದ ಬಗ್ಗೆ ಅಲ್ಲ ಎಂಬುದು ಆಗಲೇ ತಿಳಿಯಿತು. ಆದರೆ ಆ ಮಾತಿನಲ್ಲೇ ನನ್ನ ಪ್ರಶ್ನಾರ್ಥಕ ಚಿಹ್ನೆಗೆ ಉತ್ತರ ಇತ್ತು ಎಂಬುದು ತಿಳಿಯಲಿಲ್ಲ.

ಹುಬ್ಬಳ್ಳಿಯಲ್ಲಿರುವ ಹಿರಿಯ ಸಿಎ ಮಿತ್ರನಿಗೆ ಫೋನ್ ಮಾಡಿದೆ. ನನಗಿಂತ ದೊಡ್ಡ ಕಚೇರಿ, ನನಗಿಂತ ಕಡಿಮೆ ಸಂಶಯ.

"ಮಾಲೀಕರ ಕಡೆಯಿಂದ ಒಂದು ಪತ್ರ ತಗೋ, ಕೊಟ್ಟ ಮಾಹಿತಿ ಎಲ್ಲಾ ಖರೇ ಐತಿ ಅಂತ. ಸಹಿ ಹಾಕಿ ಕಳಿಸು. ನೀ ಏನ ಪೊಲೀಸ ಅಲ್ಲ" ಎಂದ.

"ಲಾಭದ ಪ್ರಮಾಣ ಹೊಂದವಲ್ದು ದೋಸ್ತ."

"ಹೊಂದಲಿಲ್ಲ ಅಂದ್ರ ಕೇಳಬೇಕು. ಕೇಳಿದಿ. ಉತ್ತರ ಬಂತು."

"ಉತ್ತರ ಬಂತು, ಆದ್ರ ಪ್ರಶ್ನಿಗೆ ಬರಲಿಲ್ಲ."

"ಹಂಗಾದ್ರ ಇನ್ನೊಂದು ಹೆಜ್ಜಿ ಮುಂದ ಹೋಗಬೇಕು ಅಂತ ನಿಯಮ ಹೇಳತೈತಿ. ಎಲ್ಲಿತನಕ ಹೋಗಬೇಕು ಅಂತ ಮಾತ್ರ ಹೇಳಂಗಿಲ್ಲ. ನನಗ ಕೇಳಬ್ಯಾಡ. ನಾ ಅಂತೂ ಅಷ್ಟು ದೂರ ಯಾವತ್ತೂ ಹೋಗಿಲ್ಲ" ಎಂದ. ಪ್ರಾಮಾಣಿಕ ಮಾತು. ನಾನು ಕೇಳಬೇಕೆಂದಿದ್ದ ಮಾತು ಅದಾಗಿರಲಿಲ್ಲ.

ಮರುದಿನ ಹಳಿಯಾಳದ ಬ್ಯಾಂಕಿಗೇ ಹೋದೆ. ವರದಿ ಓದುವವರು ಅದನ್ನು ಏನೆಂದು ಓದುತ್ತಾರೆ ಎಂದಾದರೂ ತಿಳಿದುಕೊಳ್ಳೋಣ ಎಂಬ ಹಟ. ಮ್ಯಾನೇಜರರು ನಿವೃತ್ತಿಯ ಅಂಚಿನಲ್ಲಿದ್ದ ಮೆತ್ತನೆಯ ಮನುಷ್ಯ. ಮೇಜಿನ ಗಾಜಿನ ಕೆಳಗೆ ಮೊಮ್ಮಗಳ ಫೋಟೋ ಇಟ್ಟುಕೊಂಡಿದ್ದರು.

"ಸಾಹೇಬ್ರ, ನನ್ನ ವರದಿ ನಿಮ್ಮ ಕೈಗೆ ಬಂದ್ರ ನಿಮಗ ಏನ ತಿಳೀತೈತಿ, ಹೇಳ್ರಿ?"

"ಸಿಎ ನೋಡ್ಯಾರ ಅಂತ ತಿಳೀತೈತಿ."

"ಏನ ನೋಡ್ಯಾರ ಅಂತ?"

"ಅದು ನಿಮಗ ಗೊತ್ತಿರಬೇಕಲ್ರಿ!" ಎಂದು ನಕ್ಕರು. ಆಮೇಲೆ ಕನ್ನಡಕ ತೆಗೆದು ಒರೆಸುತ್ತ, "ಖರೇ ಹೇಳ್ಲಿ? ಆಡಿಟ್ ಅಂದ್ರ ಒಂದು ರೂಪಾಯಿ ಆದ್ರ, ಇದು ಎಂಟಾಣೆ ಅಂತ ನಾ ತಿಳ್ಕೊಂಡೇನಿ. ಹೌದೇನ್ರಿ?"

ಎಂಟಾಣೆಯೋ ಹನ್ನೆರಡಾಣೆಯೋ ನಮ್ಮ ಪುಸ್ತಕಗಳಲ್ಲಿ ಎಲ್ಲೂ ಬರೆದಿಲ್ಲ. "ಹನ್ನೆರಡಾಣೆನ ಇರಲಿ ಅಂತ ಇಟ್ಕೊಳ್ರಿ. ಆದ್ರ ಯಾವ ನಾಕಾಣೆ ಇಲ್ಲ ಅನ್ನೋದು ನನಗೂ ಗೊತ್ತಿರಂಗಿಲ್ಲ" ಎಂದೆ.

ಅವರು ಕನ್ನಡಕ ಹಾಕಿಕೊಂಡು ನನ್ನನ್ನು ನೋಡಿದರು. "ಅದನ್ನ ಮತ್ತ ನಮ್ಮ ಬ್ಯಾಂಕಿನ ಬೋರ್ಡಿನ ಮುಂದ ಹೇಳಬ್ಯಾಡ್ರಿ. ಅಲ್ಲಿ ಎಲ್ಲಾರೂ ಹದಿನಾರಾಣೆ ಅಂತನ ತಿಳ್ಕೊಂಡಾರ."

ಹೊರಗೆ ಬಂದು ಕಾರಿನಲ್ಲಿ ಕೂತೆ. ಒಂದು ಕಾಗದ. ಬರೆಯುವ ನನಗೆ ಅದು ಹನ್ನೆರಡಾಣೆ, ಮ್ಯಾನೇಜರರಿಗೆ ಎಂಟಾಣೆ, ಬೋರ್ಡಿಗೆ ಪೂರ್ತಿ ರೂಪಾಯಿ, ನನ್ನ ಮಿತ್ರನಿಗೆ ಒಂದು ಸಹಿ. ಇಷ್ಟು ಜನ ಸೇರಿ ಒಂದೇ ವಾಕ್ಯವನ್ನು ಹೀಗೆ ಎಳೆದಾಡಿದರೆ ಅದು ಬಾಳುವುದಾದರೂ ಹೇಗೆ? ದಾಂಡೇಲಿಯ ಕಡೆ ತಿರುಗಬೇಕಾಗಿದ್ದ ಕಾರನ್ನು ಮುಂಡಗೋಡದ ಕಡೆಗೆ ತಿರುಗಿಸಿದೆ. ಗೋದಾಮಿನೊಳಗೆ ಹೋಗುವುದು ನನ್ನ ಕೆಲಸದಲ್ಲಿ ಇರಲಿಲ್ಲ. ನಿಯಮದ ಪ್ರಕಾರ ಇನ್ನೂ ನಾಲ್ಕು ಪ್ರಶ್ನೆ ಕೇಳಿದ್ದರೆ ಮುಗಿಯುತ್ತಿತ್ತು. ಆದರೆ ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ, ನಾನು ಪ್ರತ್ಯಕ್ಷವೂ ಕಂಡಿರಲಿಲ್ಲ.

ಅಕ್ಕಾರು ಕಾಟಾದ ಮೇಲಿನ ಚೀಲದ ತೂಕ ಹೇಳುತ್ತ ನಿಂತಿದ್ದರು. "ಗೋದಾಮು ನೋಡಬೇಕಾಗಿತ್ರಿ" ಎಂದೆ. "ನೋಡ್ರಿ, ಯಾರ ಬ್ಯಾಡ ಅಂದ್ರು? ಮೂಗಿಗೆ ಅರಬಿ ಕಟ್ಕೋರಿ, ಧೂಳು ಭಾಳ" ಎಂದು ತಾವೇ ಮುಂದಾದರು.

ಒಳಗೆ ಹೊಸ ಗೋವಿನಜೋಳದ ಸಿಹಿ ವಾಸನೆ, ಕಣ್ಣಲ್ಲಿ ನೀರು ಬರಿಸುವ ಧೂಳು. ಬಾಗಿಲ ಎಡಕ್ಕೆ ಒಂದೇ ಅಳತೆಯಲ್ಲಿ ಒಟ್ಟಿದ ಚೀಲಗಳು. ಬಲಕ್ಕೆ, ಗೋದಾಮಿನ ಅರ್ಧಕ್ಕಿಂತ ಹೆಚ್ಚು ಜಾಗದಲ್ಲಿ, ಬೇರೆ ಬೇರೆ ಎತ್ತರದ ಒಟ್ಟಿಲುಗಳು, ನಡುವೆ ಒಬ್ಬರು ಹಾಯುವಷ್ಟು ದಾರಿ. ಆ ಚೀಲಗಳ ಬಾಯಿಗೆಲ್ಲ ಬಟ್ಟೆಯ ಚಿಂದಿ ಕಟ್ಟಿತ್ತು. ಒಂದು ಒಟ್ಟಿಲಿನದು ಹಸಿರು, ಅದರ ಪಕ್ಕದ್ದು ಕೆಂಪು ಚೌಕಡಿ, ಅದರಾಚೆ ಹಳದಿಯ ಮೇಲೆ ಹೂವು. ಹಳೆಯ ಇಲಕಲ್ ಸೀರೆಯ ಸೆರಗೂ ಒಂದು ಕಡೆ ಕಂಡಿತು.

"ಇದೇನ್ರಿ ಅಕ್ಕಾರ, ಸೀರಿ ಅಂಗಡಿ?"

"ಗುರುತ್ರಿ. ಯಾರ ಮನೀ ಮಾಲು ಅಂತ. ಅವರವರ ಮನ್ಯಾಗಿನ ಹಳೀ ಸೀರಿ ಹರದು ಕಟ್ತಾರ. ಹೆಣ್ಣಮಕ್ಕಳು ತಮ್ಮ ಸೀರಿ ಮರೀತಾರೇನ್ರಿ?"

"ಯಾರ ಮನೀ ಮಾಲು ಅಂದ್ರ? ಇದೆಲ್ಲಾ ನಿಮ್ಮದ ಅಲ್ಲ?"

"ಎಡಗಡಿದು ನಂದು. ಇದು ದರ ಮುರೀಲಾರದ ಮಾಲು."

ದರ ಮುರಿಯುವುದು ಎಂದರೆ ಬೆಲೆ ನಿಗದಿ ಮಾಡುವುದು. ಸುತ್ತಲಿನ ಹಳ್ಳಿಗಳ ರೈತರು ಕೊಯ್ಲಾದ ಕೂಡಲೇ ಮಾಲು ತಂದು ಇಲ್ಲಿ ತೂಗಿಸಿ ಇಡುತ್ತಾರೆ. ಮನೆಯಲ್ಲಿ ಇಟ್ಟರೆ ಇಲಿ, ಹೆಗ್ಗಣ, ತೇವ. ದರ ಏರುವವರೆಗೆ ಕಾಯುತ್ತಾರೆ. ಏರಿದ ದಿನ ಬಂದು ದರ ಮುರಿಯುತ್ತಾರೆ, ರೊಕ್ಕ ಪಡೆಯುತ್ತಾರೆ, ಚಿಂದಿ ಬಿಚ್ಚುತ್ತಾರೆ. ಬಿಚ್ಚಿದ ಮೇಲೆ ಅದು ಅಕ್ಕಾರ ಮಾಲು. ಅಲ್ಲಿಯವರೆಗೆ ಬೇಕಾದರೆ ಗಾಡಿ ತಂದು ಹಿಂದಕ್ಕೆ ಒಯ್ಯಬಹುದು. ಗೋದಾಮಿಗೆ ಬಾಡಿಗೆ ಇಲ್ಲ, ಆದರೆ ಮಾರುವುದಿದ್ದರೆ ಮೊದಲು ಅಕ್ಕಾರಿಗೇ ಕೇಳಬೇಕು. ಇದನ್ನೆಲ್ಲ ಅಕ್ಕಾರು ನಡೆಯುತ್ತಲೇ ಹೇಳಿದರು, ಹೊತ್ತು ಮೂಡುವುದು ಮುಳುಗುವುದು ಹೇಳಿದಷ್ಟು ಸಹಜವಾಗಿ.

ಲಾಭದ ಗಂಟು ಅಲ್ಲೇ ಬಿಚ್ಚಿತು. ಈ ಮಾಲಿಗೆ ಬಿಲ್ಲಿಲ್ಲ, ಆದ್ದರಿಂದ ಖರೀದಿಯಲ್ಲಿ ಇಲ್ಲ. ಆದರೆ ದಾಸ್ತಾನಿನಲ್ಲಿ ಇದೆ. ಕೊಳ್ಳದೆಯೇ ಬಂದ ಮಾಲು ಲೆಕ್ಕದಲ್ಲಿ ಶುದ್ಧ ಲಾಭವಾಗಿ ಕೂತಿತ್ತು. ಹಿಂದಿನ ವರ್ಷಗಳಲ್ಲಿ ಯಾರಿಗೂ ಕಾಣದಿದ್ದುದಕ್ಕೂ ಕಾರಣ ಇತ್ತು. ವಾರ್ಷಿಕ ಲೆಕ್ಕ ಮುಗಿಯುವುದು ಮಾರ್ಚಿಗೆ. ಅಷ್ಟು ಹೊತ್ತಿಗೆ ಎಲ್ಲರೂ ದರ ಮುರಿದು ಗೋದಾಮು ಖಾಲಿಯಾಗಿರುತ್ತಿತ್ತು. ಈ ಸಲ ಡಿಸೆಂಬರಿನ ಲೆಕ್ಕ ಕೇಳಿದ್ದರಿಂದ ಚಿಂದಿ ಕಟ್ಟಿದ ಚೀಲಗಳು ಸಿಕ್ಕಿಬಿದ್ದವು.

"ಅಕ್ಕಾರ, ಬ್ಯಾಂಕಿನ ಪಟ್ಟಿಯೊಳಗ ಇದನ್ನೂ ಯಾಕ ಬರದ್ರಿ?"

"ಗೋದಾಮಿನಾಗ ಎಷ್ಟು ಮಾಲು ಐತಿ ಅಂತ ಕೇಳಿದ್ರು. ಇದ್ದದ್ದು ಬರದೆ. ಅರ್ಧಾ ಬರದಿದ್ರ ಸುಳ್ಳು ಆಗ್ತಿರಲಿಲ್ಲೇನು?"

ಇದಕ್ಕೇನು ಹೇಳುತ್ತೀರಿ? ಅವರ ಸೂರಿನ ಕೆಳಗೆ ಇದ್ದುದಕ್ಕೆಲ್ಲ ಅವರು ಹೊಣೆ. ಹೊಣೆ ಇದ್ದದ್ದನ್ನು ಬಚ್ಚಿಡಬಾರದು. ಅವರ ಮಟ್ಟಿಗೆ ಅದು ನ್ಯಾಯ.

ಅಷ್ಟರಲ್ಲಿ ಒಬ್ಬ ಮುದುಕಿ ಒಳಗೆ ಬಂದಳು. ಹಸಿರು ಚಿಂದಿಯ ಒಟ್ಟಿಲು ಅವಳದು. ಹತ್ತಿರದ ಹಳ್ಳಿಯವಳು, ಪೇಟೆಗೆ ಬಂದಾಗಲೆಲ್ಲ ತನ್ನ ಚೀಲ ಮುಟ್ಟಿ ನೋಡಿ ಹೋಗುವುದು ಅವಳ ರೂಢಿ. ದರ ಯಾವಾಗ ಮುರಿಯುತ್ತೀ ಎಂದು ಕೇಳಿದೆ. "ಇನ್ನಾ ಸ್ವಲ್ಪ ಏರಲಿ ಯಪ್ಪಾ. ಮನೀಗೆ ಪತ್ರಾಸ್ ಹಾಕಸಬೇಕಂತ ಮಾಡೇನಿ. ಮಳಿಗಾಲ ಬರೂದ್ರಾಗ ಆದ್ರ ಸಾಕು" ಎಂದಳು. ಅವಳ ಮನೆಯ ಮೇಲೆ ಬೀಳಬೇಕಿದ್ದ ತಗಡು ಈ ಚೀಲಗಳಲ್ಲಿ ಕೂತಿತ್ತು.

ಅವಳು ಹೋದ ಮೇಲೆ ಕಚೇರಿಯಲ್ಲಿ ಕೂತು ಅಕ್ಕಾರಿಗೆ ಹೇಳಿದೆ. ಪಟ್ಟಿಯಲ್ಲಿ ಬರೆದ ಮಾಲೆಲ್ಲ ಬ್ಯಾಂಕಿಗೆ ಅಡವು ಇದ್ದಂತೆ. ನಾಳೆ ಏನಾದರೂ ಹೆಚ್ಚುಕಡಿಮೆಯಾಗಿ ಸಾಲ ತೀರದೆ ಹೋದರೆ ಬ್ಯಾಂಕು ಗೋದಾಮಿಗೆ ಬೀಗ ಹಾಕುತ್ತದೆ. ಹಸಿರು ಚಿಂದಿ, ಕೆಂಪು ಚಿಂದಿ ನೋಡುವುದಿಲ್ಲ.

"ನನ್ನ ಮ್ಯಾಲೆ ನಂಬಿಗಿ ಇಟ್ಟು ತಂದು ಇಟ್ಟದ್ದನ್ನ ಅವರು ಹೆಂಗ ಒಯ್ತಾರ್ರಿ?"

"ನಿಮ್ಮದ ಅಂತ ನೀವ ಬರದು ಕೊಟ್ಟೀರಿ."

ಅಕ್ಕಾರು ಬ್ಯಾಂಕಿನ ಪಟ್ಟಿಯನ್ನು ಎದುರಿಗೆ ಎಳೆದುಕೊಂಡು ಮತ್ತೊಮ್ಮೆ ಓದಿದರು. ಆಮೇಲೆ ಮೆಲ್ಲಗೆ, "ಅದನ್ನ ತಗದ್ರ ಲಿಮಿಟ್ ಸಿಗಂಗಿಲ್ಲಲ್ರಿ?" ಎಂದರು. ಇಲ್ಲ ಎಂದೆ, ಕೇಳಿದಷ್ಟು ಸಿಗುವುದಿಲ್ಲ. ರೈತರ ಮಾಲನ್ನು ಕೊಳ್ಳಲು ಸಾಲ ಬೇಕು, ಆ ಸಾಲಕ್ಕೆ ಅಡವು ಇನ್ನೂ ಕೊಳ್ಳದ ಅದೇ ಮಾಲು. ತೆಗೆದರೆ ದರ ಏರಿದ ದಿನ ಅಕ್ಕಾರ ಕೈ ಖಾಲಿ. ಬಿಟ್ಟರೆ ಮುದುಕಿಯ ಮಾಲು ಅವಳಿಗೇ ಗೊತ್ತಿಲ್ಲದಂತೆ ಒತ್ತೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಅನ್ನುತ್ತಾರಲ್ಲ, ಇಲ್ಲಿ ಹಾವು ಯಾವುದು ಕೋಲು ಯಾವುದು ಎಂದೇ ನನಗೆ ಗೊತ್ತಾಗಲಿಲ್ಲ.

ವಿಚಾರ ಮಾಡಿ ಹೇಳ್ರಿ ಎಂದು ಅಕ್ಕಾರನ್ನು ಬಿಟ್ಟು ಹಿಂದಿರುಗುವಾಗ ಬ್ಯಾಂಕು ಮುಚ್ಚುವ ಮೊದಲು ಹಳಿಯಾಳ ಮುಟ್ಟಿದೆ. ಮ್ಯಾನೇಜರರಿಗೆ ಎಲ್ಲ ಹೇಳಿದೆ. ಅವರು ಬೆಚ್ಚಿಬೀಳುತ್ತಾರೆ ಎಂದುಕೊಂಡಿದ್ದೆ.

"ಗೊತ್ತೈತ್ರಿ" ಎಂದರು.

"ಗೊತ್ತೈತಿ?"

"ನಾ ಈ ಕಡಿನ ಹುಟ್ಟಿ ಬೆಳದಾಂವ. ದರ ಮುರೀಲಾರದ ಮಾಲು ಇಲ್ಲದ ಗೋದಾಮು ಎಲ್ಲೈತಿ ಹೇಳ್ರಿ? ಎಷ್ಟು ಐತಿ ಅನ್ನೋದು ಗೊತ್ತಿರಲಿಲ್ಲ, ಅಷ್ಟ."

"ಗೊತ್ತಿದ್ದೂ ನನ್ನನ್ನ ಯಾಕ ಕಳಿಸಿದ್ರಿ ಹಂಗಾದ್ರ?" ಎಂದೆ. ದನಿ ಏರಿತ್ತು, ಹೊರಗಿದ್ದ ಗುಮಾಸ್ತರು ತಿರುಗಿ ನೋಡಿದರು.

ಮ್ಯಾನೇಜರರು ಎದ್ದು ಬಾಗಿಲು ಮುಂದೆ ಮಾಡಿದರು. ಕೂತು ಹೇಳಿದರು. ಹಿಂದೆ ಬೇರೆ ತಾಲ್ಲೂಕಿನಲ್ಲಿ, ಬೇರೆ ಬ್ಯಾಂಕಿನ ಶಾಖೆಯಲ್ಲಿದ್ದಾಗ ಒಂದು ಹತ್ತಿ ಅಂಗಡಿಗೆ ಇವರೇ ಬೀಗ ಹಾಕಿದ್ದರಂತೆ. ಮರುದಿನ ರೈತರು ಬಂದು ಬಾಗಿಲ ಮುಂದೆ ಕೂತರಂತೆ, ನಮ್ಮ ಹತ್ತಿ ಒಳಗಿದೆ, ಬಿಡಿ ಎಂದು. "ಯಾರದು ಯಾವುದು ಅಂತ ಹೆಂಗ ಗುರುತಿಸ್ಲಿ ನಾ? ಹತ್ತಿಗೆ ಹತ್ತಿ ಕೂಡಿ ಹೋಗಿತ್ತು. ನನಗ ಮ್ಯಾಲಿನವರು ಕೇಳಿದ್ರು, ಯಾರನ್ನ ಕೇಳಿ ಸಾಲಾ ಕೊಟ್ಟಿ ಅಂತ. ತೋರ್ಸಾಕ ಒಂದು ಕಾಗದ ಇರಲಿಲ್ಲ ನನ್ನ ಹತ್ರ. ಅವತ್ತಿಂದ ನನಗ ಕಾಗದ ಬೇಕ್ರಿ."

"ನನ್ನ ಕಾಗದದಾಗ ಮಾಲು ಎಣಿಸೇವಿ ಅಂತ ಇರಂಗಿಲ್ಲಲ್ರಿ."

"ಅದಕ್ಕ ಅದು ಛಲೋ ಕಾಗದ. ಎಣಿಸೂದು ನಿಮ್ಮ ಕೆಲಸ ಅಲ್ಲ, ನಿಮ್ಮ ಮ್ಯಾಲೂ ಬರಂಗಿಲ್ಲ. ಸಿಎ ನೋಡ್ಯಾರ ಅಂತ ನನ್ನ ಮ್ಯಾಲೂ ಬರಂಗಿಲ್ಲ. ನಿಮ್ಮ ಗಮನಕ್ಕ ಬಂದಿಲ್ಲ ಅಂದ್ರ ಮುಗೀತು."

"ಈಗ ಬಂದೈತಿ."

"ಹೌದು" ಎಂದರು ಅವರು, ಬೇಸರದಿಂದ. "ಅದ ತಪ್ಪಾತು. ನೀವು ಒಳಗ ಹೋಗಬಾರದಾಗಿತ್ತು."

ಬಯ್ಯಬೇಕೆನ್ನಿಸಿತು, ಬಯ್ಯಲಾಗಲಿಲ್ಲ. ಅವರು ಕೆಟ್ಟವರಲ್ಲ, ಹೆದರಿದವರು. ನಾವು ಓದಿದ ಪಾಠಗಳಲ್ಲಿ ಸಾಲ ಕೊಡುವವನು ವರದಿ ಓದಿ ಧೈರ್ಯ ತಂದುಕೊಳ್ಳುತ್ತಾನೆ ಎಂದಿತ್ತು. ಅವನು ವರದಿಯ ಹಿಂದೆ ಅಡಗಿ ಕೂರುತ್ತಾನೆ ಎಂದು ಯಾರೂ ಹೇಳಿಕೊಟ್ಟಿರಲಿಲ್ಲ. ಹಾಗೆ ನೋಡಿದರೆ, ಆ ವಾಕ್ಯದ ಹಿಂದೆ ನಾನೂ ಎಷ್ಟು ಸಲ ಹಾಯಾಗಿ ಕೂತಿರಲಿಲ್ಲ?

ಎದ್ದು ನಿಂತು ಹೇಳಿದೆ. ಆ ಮಾಲನ್ನು ಲೆಕ್ಕದಿಂದ ತೆಗೆದರೆ ನಾನು ಆ ವಾಕ್ಯ ಬರೆದುಕೊಡುತ್ತೇನೆ. ತೆಗೆಯದಿದ್ದರೆ, ಲೆಕ್ಕ ತಪ್ಪಿದೆ, ಇಂಥ ಕಡೆ ತಪ್ಪಿದೆ ಎಂದು ಬರೆಯುತ್ತೇನೆ. ಎರಡೂ ಬೇಡವಾದರೆ ಬೇರೆಯವರನ್ನು ನೋಡಿಕೊಳ್ಳಿ. ಹೇಳುವಾಗ ಧೈರ್ಯವಾಗಿಯೇ ಹೇಳಿದೆ. ದಾಂಡೇಲಿ ಮುಟ್ಟುವವರೆಗೆ ದಾರಿಯುದ್ದಕ್ಕೂ ಅದು ಸರಿಯೋ ಒಣ ಜಂಬವೋ ಎಂದು ಒದ್ದಾಡಿದೆ. ಬೇರೆ ಯಾರೋ ಒಳಗೆ ಹೋಗದೆ ಸಹಿ ಹಾಕಿಕೊಟ್ಟರೆ ಮುದುಕಿಗೆ ನನ್ನಿಂದ ಆದ ಉಪಕಾರವೇನು?

ಅಕ್ಕಾರ ಫೋನಿಗೆ ಕಾದೆ. ಒಂದು ವಾರ ಬರಲಿಲ್ಲ. ಬಂದಾಗ ಮುನ್ನುಡಿ ಇರಲಿಲ್ಲ.

"ತಗೀರಿ ಅದನ್ನ."

"ಲಿಮಿಟ್ ಕಡಿಮಿ ಆಗ್ತೈತಿ, ಅಕ್ಕಾರ."

"ಆಗಲಿ. ಆ ಮುದುಕಿ ಮತ್ತ ಬಂದಿದ್ಲು, ಚೀಲಾ ಮುಟ್ಟಿ ಹೋದ್ಲು. ನನಗ ಅಕಿ ಮಾರಿ ನೋಡಾಕ ಆಗಲಿಲ್ಲ. ಆದ್ರ ಸುಮ್ಮನ ತಗದ್ರ ಸಾಲದು. ಅವರ ಮಾಲು ಅವರದ ಅಂತ ಬರೀಬೇಕು. ನಾಳೆ ನಾ ಇರಲಿ ಬಿಡಲಿ."

ಹುಬ್ಬಳ್ಳಿಯಲ್ಲಿ ಲೆಕ್ಕ ಬರೆಯುವವರು ಅದನ್ನು ತಿದ್ದಿದರು. ದಾಸ್ತಾನು ಅರ್ಧಕ್ಕಿಂತ ಕೆಳಗಿಳಿಯಿತು. ಲಾಭ ಹೋದ ವರ್ಷದ ಮಟ್ಟಕ್ಕೇ ಬಂದು ನಿಂತಿತು, ಅದನ್ನು ಕಂಡು ನನಗಾದ ಸಂತೋಷ ಲೆಕ್ಕಿಗನಲ್ಲದವನಿಗೆ ಅರ್ಥವಾಗಲಿಕ್ಕಿಲ್ಲ. ಲೆಕ್ಕಪತ್ರಕ್ಕೆ ಒಂದು ಟಿಪ್ಪಣಿ ಸೇರಿತು. ಗೋದಾಮಿನಲ್ಲಿ ಗುರುತು ಕಟ್ಟಿ ಇಟ್ಟಿರುವ, ದರ ನಿಗದಿಯಾಗದ ಮಾಲು ರೈತರದು, ಸಂಸ್ಥೆಯ ಸ್ವತ್ತಲ್ಲ, ಈ ಲೆಕ್ಕದಲ್ಲಿ ಸೇರಿಲ್ಲ ಎಂದು. ಅದರ ಮೇಲೆ ನನ್ನ ವಾಕ್ಯ ಬರೆದು ಸಹಿ ಹಾಕಿದೆ. ದಾಸ್ತಾನನ್ನು ನಾವು ಎಣಿಸಿಲ್ಲ ಎಂಬುದನ್ನೂ ಎಂದಿನಂತೆ ಬರೆದೆ.

ಮ್ಯಾನೇಜರರು ವರದಿ ತಿರುವಿದರು. "ಗಮನಕ್ಕ ಬಂದಿಲ್ಲ ಅನ್ನೋ ಸಾಲು ಐತಿ ಹೌದಲ್ರಿ?" ಎಂದರು. ಇದೆ ಎಂದೆ. ಫೈಲಿಗೆ ಹಾಕಿದರು. ಟಿಪ್ಪಣಿ ಓದಿದರೋ ಇಲ್ಲವೋ ಗೊತ್ತಿಲ್ಲ. ಅಕ್ಕಾರು ಕೇಳಿದ್ದರ ಅರ್ಧದಷ್ಟು ಮಂಜೂರಾಯಿತು.

ಇಲ್ಲಿಗೆ ಕೆಲಸ ಮುಗಿಯಿತು ಎಂದುಕೊಂಡಿದ್ದೆ. ಫೆಬ್ರುವರಿ ಕೊನೆಗೆ ಬೇರೆ ಕೆಲಸಕ್ಕೆ ಮುಂಡಗೋಡಕ್ಕೆ ಹೋದವನು ಗೋದಾಮಿನ ಮುಂದೆ ಇಳಿದೆ. ಅಂಗಳದಲ್ಲಿ ಎರಡು ಟ್ರ್ಯಾಕ್ಟರು ನಿಂತಿದ್ದವು. ಒಳಗೆ ಹೋದರೆ ಕಾಲಿಡಲು ಜಾಗವಿಲ್ಲ. ಕಳೆದ ಸಲ ಇದ್ದ ಒಟ್ಟಿಲುಗಳ ಜೊತೆ ಹೊಸವು, ನಾನು ಕಾಣದ ಸೀರೆಗಳು, ನೀಲಿ, ಕಂದು, ಜರಿಯ ಅಂಚು.

"ಏನ್ರಿ ಅಕ್ಕಾರ ಇದು?"

"ನಿಮ್ಮದ ಕೃಪಾ. ನೀವು ಬರದದ್ದನ್ನ ಎಲ್ಲಾರಿಗೂ ಓದಿ ಹೇಳಿದೆ. ದಾಂಡೇಲಿ ಸಿಎ ಸಾಹೇಬ್ರು ನಿಮ್ಮ ಮಾಲು ನಿಮ್ಮದ ಅಂತ ಬರದು ಕೊಟ್ಟಾರ, ಬ್ಯಾಂಕಿನವರೂ ಇಟ್ಕೊಂಡಾರ ಅಂದೆ. ಹಳ್ಳಿ ಹಳ್ಳಿಗೆ ಮಾತು ಹೋತು. ಬ್ಯಾರೆ ಗೋದಾಮಿನಾಗ ಇಟ್ಟಿದ್ದವರೂ ಇಲ್ಲಿಗೆ ತರಾಕತ್ತಾರ. ದರ ಮುರಿದ ದಿನ ಅರ್ಧಾ ರೊಕ್ಕಾ ಕೊಡ್ತೇನಿ, ಉಳಿದದ್ದು ಆಮ್ಯಾಲೆ, ಪೂರ್ತಿ ಕೊಡೂತನಕ ಚಿಂದಿ ಬಿಚ್ಚಬ್ಯಾಡ್ರಿ ಅಂದೇನಿ. ಎಲ್ಲಾರೂ ಹೂಂ ಅಂದಾರ."

ನನಗೆ ಆದದ್ದು ಸಂತೋಷ ಅಲ್ಲ, ಭಯ. ನಾನು ಒಂದು ಚೀಲವನ್ನೂ ಎಣಿಸಿಲ್ಲ, ತೂಗಿಲ್ಲ. ಒಮ್ಮೆ ಧೂಳಿನಲ್ಲಿ ನಡೆದು ಹೋಗಿದ್ದೆ, ಅಷ್ಟೇ. ಆ ನಡಿಗೆಯ ಮೇಲೆ ಇಷ್ಟು ಜನ ವರ್ಷದ ಬೆಳೆ ತಂದು ಇಡುತ್ತಿದ್ದಾರೆ. ಮ್ಯಾನೇಜರರ ಎಂಟಾಣೆ, ನನ್ನ ಹನ್ನೆರಡಾಣೆ, ಬೋರ್ಡಿನ ಹದಿನಾರಾಣೆ, ಇವೆಲ್ಲ ಇಲ್ಲಿಗೆ ಬರುವಷ್ಟರಲ್ಲಿ ಏನಾಗಿದ್ದವೋ ದೇವರೇ ಬಲ್ಲ.

ಹಸಿರು ಚಿಂದಿಯ ಮುದುಕಿ ಅಲ್ಲೇ ಇದ್ದಳು. ತಂಗಿಯ ಮನೆಯ ಮಾಲನ್ನೂ ಇಲ್ಲಿಗೆ ತರಿಸಿದ್ದಳು. ಹೊಸ ಚೀಲಗಳ ಬಾಯಿಗೆ ಕಂದು ಚಿಂದಿ ಕಟ್ಟುತ್ತಿದ್ದಳು. ಅವಳಿಗಾದರೂ ಹೇಳಬೇಕೆಂದು ಹತ್ತಿರ ಹೋದೆ.

"ಯವ್ವಾ, ನಾ ಇವನ್ನ ಎಣಿಸಿಲ್ಲ. ಬರೇ ನೋಡೇನಿ. ನಾ ಬರದದ್ದರ ಅರ್ಥ ಬ್ಯಾರೆ ಐತಿ."

"ಎಣಿಸಾಕ ನಾವ ಅದೀವಲ್ಲ ಯಪ್ಪಾ. ನಮ್ಮ ಚೀಲಾ ನಮಗ ಗೊತ್ತಿಲ್ಲೇನು? ದೊಡ್ಡವರು ಯಾರೂ ಒಳಗ ಬಂದು ನೋಡತಿರಲಿಲ್ಲ. ನೀ ಬಂದು ನೋಡಿದಿ. ನೋಡಿದ್ದನ್ನ ನೋಡೇನಿ ಅಂತ ಬರದಿ. ಮತ್ತೇನ ಬೇಕು?"

ಸೀಮಿತ ಪರಿಶೀಲನೆಯ ಮಿತಿಗಳನ್ನು ವಿವರಿಸುವ ನಾಲ್ಕು ಪ್ಯಾರಾ ನನಗೆ ಬಾಯಿಪಾಠ. ಅದನ್ನು ಶುರು ಮಾಡುವ ಮೊದಲೇ ಅವಳು ಚೀಲದ ಕಡೆ ತಿರುಗಿದ್ದಳು.

"ಒಂದು ತುದಿ ಹಿಡಿ" ಎಂದು ಚಿಂದಿಯ ಒಂದು ಕೊನೆಯನ್ನು ನನ್ನ ಕೈಗೆ ಕೊಟ್ಟಳು. ಹಿಡಿದೆ. ಅವಳು ಇನ್ನೊಂದು ಕೊನೆಯನ್ನು ಚೀಲದ ಬಾಯಿಗೆ ಸುತ್ತಿ, ಎಳೆದು, ಎರಡು ಗಂಟು ಹಾಕಿದಳು. ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲವೇನೋ, ಬೆರಳಿನಿಂದ ತಡವಿ ನೋಡಿದಳು.

"ಗಂಟು ಬಿಗಿ ಆತೇನ, ನೋಡು."

ಸಡಿಲ ಇದೆ ಎಂದು ಅನ್ನಿಸಲಿಲ್ಲ ಎನ್ನಲು ಬಾಯಿ ತೆರೆದೆ. ಮುಚ್ಚಿದೆ. ಬಗ್ಗಿ ಗಂಟನ್ನು ಎರಡೂ ಕೈಯಿಂದ ಹಿಡಿದು, ಚೀಲ ಅಲುಗುವಷ್ಟು ಜೋರಾಗಿ ಜಗ್ಗಿ ನೋಡಿದೆ.

"ಬಿಗಿ ಐತಿ ಯವ್ವಾ" ಎಂದೆ.